ಹಾಲಹಲ್ಲಿನ ಲಾರಿ

ಗಾಡಿಯನ್ನು ಎತ್ತರ ಮಾಡಿಸಿದವನನ್ನು ನಮ್ಮ ಕಡೆ ಯಾರೂ ಏನೂ ಕೇಳುವುದಿಲ್ಲ. ತಗ್ಗು ಮಾಡಿಸಿದವನನ್ನು ಮಾತ್ರ ಊರೇ ನಿಲ್ಲಿಸಿ ಕೇಳುತ್ತದೆ. ಇದು ಬರೀ ಗಾಡಿಯ ಮಾತಲ್ಲವೆಂದು ನನಗೆ ಈಗೀಗ ಅನ್ನಿಸುತ್ತದೆ. ಮನೆಯ ಮೇಲೆ ಮಾಳಿಗೆ ಕಟ್ಟಿದವನನ್ನು, ಕಟ್ಟೆಗೆ ಇನ್ನೊಂದು ಮೆಟ್ಟಿಲು ಕೂಡಿಸಿದವನನ್ನು ಜನ ಸಹಜವಾಗಿ ಒಪ್ಪಿಕೊಳ್ಳುತ್ತಾರೆ. ಇದ್ದದ್ದನ್ನು ಸ್ವಲ್ಪ ಇಳಿಸಿಕೊಂಡೆ ಎಂದವನ ಬಗ್ಗೆ ಮಾತ್ರ ಅವರಿಗೆ ಎಲ್ಲಿಲ್ಲದ ಕಾಳಜಿ. ನಾನು ನನ್ನ ಸಣ್ಣ ಲಾರಿಯನ್ನು ಒಂದು ಗೇಣು ತಗ್ಗಿಸಿಕೊಂಡು ಆಳಂದದ ಬಸ್ ಸ್ಟ್ಯಾಂಡಿನ ಮುಂದೆ ಹಾದಾಗ, ಚಹಾದ ಅಂಗಡಿಯವನು ಸೋಸುವ ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದು, "ಏನಾತ್ರಿ ಸಾವಕಾರ್ರ, ಗಾಡಿ ಕುಂತದಲ್ಲ?" ಎಂದು ಕೇಳಿದ. ಅಡತಿ ಅಂಗಡಿಯ ಹಿರಿಯರೊಬ್ಬರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ಮನ್ಯಾಗ ಎಲ್ಲಾ ಆರಾಮ ಅದಾರಿಲ್ಲ?" ಎಂದು ಮೆತ್ತಗೆ ವಿಚಾರಿಸಿದರು. ಗಾಡಿ ಕುಳಿತರೆ ಮನೆಯೂ ಕುಳಿತಿರಬೇಕೆಂದು ಅವರ ಅಂದಾಜು.

ಸಾವಕಾರ ಎಂಬ ಮಾತಿಗೆ ನೀವು ಹೆಚ್ಚು ಬೆಲೆ ಕೊಡಬೇಡಿ. ಎಂಬತ್ತರ ದಶಕದ ಆಳಂದದಲ್ಲಿ ಸ್ವಂತದ ಒಂದು ಲಾರಿ ಇದ್ದವನನ್ನು, ಅದೂ ತಾನೇ ಓಡಿಸುವವನನ್ನು, ಎದುರಿಗೆ ಸಾವಕಾರ ಎಂದೂ ಹಿಂದಿನಿಂದ ಡ್ರೈವರ್ ಎಂದೂ ಕರೆಯುವ ಪದ್ಧತಿಯಿತ್ತು. ನಾನು ಎರಡಕ್ಕೂ ಓಗೊಡುತ್ತಿದ್ದೆ. ಬಜಾರಿನಿಂದ ತೊಗರಿ, ಜೋಳ ಹೇರಿಕೊಂಡು ಕಲಬುರಗಿಗೆ ಹೋಗುವುದು, ಬರುವಾಗ ಸಿಮೆಂಟನ್ನೋ ಗೊಬ್ಬರವನ್ನೋ ತರುವುದು, ನಡುವೆ ಅಫಜಲಪುರಕ್ಕೆ ಒಂದು ಬಾಡಿಗೆ ಸಿಕ್ಕರೆ ಅದು ಪುಣ್ಯ. ಇದೇ ನನ್ನ ಸಾವಕಾರಿಕೆ.

ಲಾರಿಯ ಹಿಂದಿನ ಗಾಲಿಗಳ ಹತ್ತಿರ ಬಿಲ್ಲಿನ ಹಾಗೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟೊಂದು ಇರುತ್ತದಲ್ಲ, ಅದಕ್ಕೆ ನಮ್ಮಲ್ಲಿ ಕಮಾನು ಎನ್ನುತ್ತಾರೆ. ಉದ್ದನೆಯ ಪಟ್ಟಿ ಮೇಲೆ, ಅದರ ಕೆಳಗೆ ಸ್ವಲ್ಪ ಗಿಡ್ಡದು, ಅದರ ಕೆಳಗೆ ಇನ್ನೂ ಗಿಡ್ಡದು. ಗಾಡಿಯ ಭಾರವೆಲ್ಲ ಇವುಗಳ ಮೇಲೆ. ನನ್ನ ಗಾಡಿಗೆ ಒಂದೊಂದು ಬದಿಗೆ ಏಳು ಪಟ್ಟಿಗಳಿದ್ದವು. ಲಾರಿ ಇಟ್ಟವರು ಯಾರೇ ಆಗಲಿ ಇನ್ನೊಂದು ಪಟ್ಟಿ ಕೂಡಿಸುವ ಕನಸು ಕಾಣುತ್ತಾರೆ, ನಾಲ್ಕು ಚೀಲ ಹೆಚ್ಚಿಗೆ ಹೇರಬಹುದಲ್ಲ ಎಂದು. ಆದರೆ ಕಮಾನಿನ ಸ್ವಭಾವವೇ ಬೇರೆ. ಮೈತುಂಬ ಭಾರ ಹೊತ್ತಾಗ ಅದು ಮೆತ್ತಗೆ, ತೂಗಿಕೊಂಡು ನಡೆಯುತ್ತದೆ. ಖಾಲಿಯಿದ್ದಾಗ ಮಾತ್ರ ಕಲ್ಲಿನ ಹಾಗೆ ಸೆಟೆದು, ಸಣ್ಣ ಕುಣಿ ಸಿಕ್ಕರೂ ಒಳಗೆ ಕೂತವರನ್ನು ಎತ್ತಿ ಒಗೆಯುತ್ತದೆ. ನಮ್ಮ ಬಳಗದಲ್ಲಿ ಕೆಲಸವಿಲ್ಲದ ಒಂದಿಬ್ಬರು ಹೀಗೇ ಇದ್ದಾರೆ, ಹೆಸರು ಹೇಳುವುದಿಲ್ಲ.

ಈ ಎತ್ತಿ ಒಗೆಯುವುದರಿಂದಲೇ ನನ್ನ ಮನೆಯಲ್ಲಿ ತಾಪತ್ರಯ ಹುಟ್ಟಿದ್ದು. ನನ್ನ ಹೆಂಡತಿ ನೀಲಮ್ಮ ಜೇವರ್ಗಿ ಕಡೆಯ ಇಜೇರಿಯವಳು, ಗೌಡರ ಮಗಳು. ಮದುವೆಯಾಗಿ ಬಂದ ಹೊಸತರಲ್ಲಿ ನಮ್ಮ ಹಿತ್ತಲಿನ ಬಾವಿಕಟ್ಟೆಯ ಮೇಲೆ ಜಾರಿ ಬಿದ್ದು ನಡ ನೋಯಿಸಿಕೊಂಡಳು. ಎಣ್ಣೆ ತಿಕ್ಕಿದ್ದಾಯಿತು, ಇಟ್ಟಿಗೆ ಕಾಯಿಸಿ ಶಾಖ ಕೊಟ್ಟದ್ದಾಯಿತು, ಕಲಬುರಗಿಯ ಡಾಕ್ಟರಿಗೆ ತೋರಿಸಿದ್ದಾಯಿತು. ಮನೆಯಲ್ಲಿ ಓಡಾಡಿಕೊಂಡು ಎಲ್ಲ ಕೆಲಸ ಮಾಡುವಳು. ಆದರೆ ಬಸ್ಸೋ ಖಾಲಿ ಲಾರಿಯೋ ಹತ್ತಿ ದೂರ ಹೋದಳೆಂದರೆ ನಡ ಹಿಡಿದುಕೊಳ್ಳುತ್ತಿತ್ತು. ಹಿಂದಿನ ವರ್ಷದ ಎಳ್ಳ ಅಮಾವಾಸ್ಯೆಗೆ ನನ್ನ ಖಾಲಿ ಲಾರಿಯಲ್ಲೇ ತವರಿಗೆ ಹೋಗಿದ್ದಳು. ನಮ್ಮಲ್ಲಿ ಎಳ್ಳ ಅಮಾವಾಸ್ಯೆ ಎಂದರೆ ಮನೆಮಂದಿಯೆಲ್ಲ ಭಜ್ಜಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆಯ ಅಡಿಗೆಯನ್ನು ಚರಗವೆಂದು ಚೆಲ್ಲಿ, ಬೆಳೆಯ ನಡುವೆ ಕುಳಿತು ಉಂಡು ಬರುವ ದಿನ. ಎಲ್ಲರೂ ಹೊಲಕ್ಕೆ ಹೋದರು. ಇವಳು ಮನೆಯ ಪಡಸಾಲೆಯಲ್ಲಿ ಚಾಪೆಯ ಮೇಲೆ ಮಲಗಿ ತೊಲೆ ಎಣಿಸಿದಳು. ಈ ವರ್ಷ ಅಮಾವಾಸ್ಯೆ ಹತ್ತಿರ ಬಂದಾಗ ಅವಳೇ ಹೇಳಿದಳು: "ನಾ ಈ ಸಲ ಹೋಗಂಗಿಲ್ಲ ಬಿಡ್ರಿ. ತವರಮನಿಗಿ ಹೋಗಿ ಮಕ್ಕೊಂಡು ಬರೂದಕ್ಕ ಯಾಕ ಹೋಗಬೇಕು? ಇಲ್ಲೇ ಮಕ್ಕೊಂತೇನಿ." ಅಷ್ಟು ಹೇಳಿ ಜೋಳ ಹಸನು ಮಾಡುವುದನ್ನು ಮುಂದುವರಿಸಿದಳು. ನನಗೆ ಕರುಳು ಚುರ್ ಎಂದಿತು.

ಕರುಳು ಚುರ್ ಎಂದದ್ದು ಖರೆ. ಆದರೆ ಅದೇ ಹೊತ್ತಿನಲ್ಲಿ ನನ್ನ ಹೊಟ್ಟೆಯಲ್ಲಿ ಇನ್ನೊಂದು ಉರಿಯೂ ಇತ್ತು. ನೀಲಮ್ಮನ ಅಣ್ಣ ಬಸಣ್ಣಗೌಡ. ಅವನಿಗೂ ನನ್ನದರಂಥದೇ ಒಂದು ಲಾರಿ. ಇಜೇರಿ ದಾರಿಯಲ್ಲಿ ಆಗಷ್ಟೇ ಡಾಂಬರು ಹಾಕಿದ ನೆಟ್ಟನೆಯ ರಸ್ತೆಯೊಂದಿತ್ತು. ಬಸ್ಸು ಇನ್ನೂ ಬಿಟ್ಟಿರಲಿಲ್ಲ. ಆ ಸೀಮೆಯಲ್ಲಿ ಎತ್ತಿನ ಬಂಡಿಗಳ ಶರ್ಯತ್ತು ನಡೆಸುವ ಹಿರಿಯರು, ರಸ್ತೆ ನುಣ್ಣಗಿದೆಯಲ್ಲ ಎಂದು ಹಿಂದಿನ ವರ್ಷ ಬಂಡಿಗಳ ನಂತರ ಲಾರಿಗಳನ್ನೂ ಓಡಿಸಿದ್ದರು. ಬೇವಿನ ಗಿಡದ ಹತ್ತಿರ ಎರಡು ಗಾಡಿ ಪಕ್ಕಪಕ್ಕ ನಿಲ್ಲಬೇಕು, ಹಿರಿಯರು ರುಮಾಲು ಬೀಸಿದ ಕೂಡಲೇ ಬಿಡಬೇಕು, ಮುಂದಿನ ಹಳ್ಳದ ಪೂಲನ್ನು, ಅಂದರೆ ಸಣ್ಣ ಸೇತುವೆಯನ್ನು, ಯಾರು ಮೊದಲು ಮುಟ್ಟುತ್ತಾರೋ ಅವರು ಗೆದ್ದಂತೆ. ಒಂದು ಬೀಡಿ ಅರ್ಧ ಸೇದುವಷ್ಟರಲ್ಲಿ ಮುಗಿದುಹೋಗುವ ಆಟ. ಅದರಲ್ಲಿ ಬಸಣ್ಣಗೌಡ ಗೆದ್ದ, ಅಂದಿನಿಂದ ನನ್ನ ಊಟ ಕೆಟ್ಟಿತು. ಇಜೇರಿಗೆ ಹೋದಾಗಲೆಲ್ಲ ರೊಟ್ಟಿ ಮುರಿಯುತ್ತಿದ್ದಂತೆ ಶುರು: "ಬೀಗರ, ಮುಂದಿನ ವರ್ಷ ನೀವೂ ಬರ್ರಿ. ಸುಮ್ಮನ ಹಿಂದ ನಿಂತ ಧೂಳ ತಿನ್ನೂದಕ್ಕರ ಬರ್ರಿ."

ಅವಳ ನಡ ಮತ್ತು ನನ್ನ ಮರ್ಯಾದೆ ಎರಡನ್ನೂ ನಟ್ಟು ತಿರುಗಿಸುವ ಒಂದೇ ಪಾನಾದಿಂದ ಸರಿಮಾಡಬಹುದೆಂಬ ವಿಚಾರ ನನ್ನ ತಲೆಗೆ ಹೊಳೆದದ್ದು ಹೀಗೆ. ಕಮಾನಿನಿಂದ ಎರಡು ಪಟ್ಟಿ ತೆಗೆಸಿಬಿಟ್ಟರೆ ಖಾಲಿ ಗಾಡಿಯೂ ಮೆತ್ತಗೆ ನಡೆಯುತ್ತದೆ, ನೀಲಮ್ಮ ಸುಖವಾಗಿ ತವರಿಗೆ ಹೋಗುತ್ತಾಳೆ. ಉಳಿದ ಪಟ್ಟಿಗಳ ಬಾಗನ್ನು ಸ್ವಲ್ಪ ಬಡಿದು ತಗ್ಗಿಸಿದರೆ ಗಾಡಿ ನೆಲಕ್ಕೆ ಹತ್ತಿ ಕುಳಿತು, ಓಟದಲ್ಲಿ ಗಾಳಿ ಸೀಳಿಕೊಂಡು ಹೋಗುತ್ತದೆ. ಈ ಗಾಳಿ ಸೀಳುವ ಮಾತನ್ನು ನಾನು ಎಲ್ಲಿ ಕೇಳಿದ್ದೆನೋ ನೆನಪಿಲ್ಲ. ಆದರೆ ಬಹಳ ಧೈರ್ಯದಿಂದ ಹೇಳುತ್ತಿದ್ದೆ.

ಬಸ್ ಸ್ಟ್ಯಾಂಡಿನ ಹಿಂದೆ ಮಹಿಬೂಬನ ಗ್ಯಾರೇಜು. ನನಗೂ ಅವನಿಗೂ ಶಾಲೆಯ ದಿನಗಳಿಂದ ಗೆಳೆತನ, ಅಷ್ಟೇ ಹಳೆಯ ಜಗಳ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಒಮ್ಮೆಗೇ ಒಪ್ಪಿದ ದಾಖಲೆಯಿಲ್ಲ. ಅವನು ಗಾಡಿಯ ಕೆಳಗೆ ಮಲಗಿಕೊಂಡೇ ನನ್ನ ವಿಚಾರ ಕೇಳಿ, "ನೋಡ್ರಿ ಸಾವಕಾರ್ರ," ಎಂದ. ಜಗಳವಿದ್ದಾಗ ಮಾತ್ರ ಅವನು ನನ್ನನ್ನು ಹಾಗೆ ಕರೆಯುವುದು. "ಅಕ್ಕಾಗ ಬೇಕಾದದ್ದು ಹಾಸಿಗಿ. ಓಟಕ್ಕ ಬೇಕಾದದ್ದು ಗರಡಿಮನಿ ಪೈಲ್ವಾನ. ಒಂದ ಕಮಾನದಾಗ ಎರಡೂ ಹ್ಯಾಂಗ ಕೂಡಸ್ಲಿ? ಎತ್ತು ಏರಿಗೆಳದ್ರ ಕೋಣ ನೀರಿಗೆಳೀತಂತ, ಹಂಗಾತು ನಿಮ್ಮ ಮಾತು."

"ನೀ ಕೂಡಸು. ಎತ್ತು ಕೋಣದ ಚಿಂತಿ ನನಗಿರಲಿ," ಎಂದೆ.

"ಹಾಂ, ಕೂಡಸ್ತೇನಿ. ಆಮ್ಯಾಲ ನನ್ನ ಮ್ಯಾಲ ಬರಬ್ಯಾಡ್ರಿ," ಎಂದ. ನಾನೇನೂ ಮಾತು ಕೊಡಲಿಲ್ಲ.

ಪಟ್ಟಿ ತೆಗೆದ ಮೇಲೆ ಗಾಡಿ ನಿಜಕ್ಕೂ ಕುಳಿತುಬಿಟ್ಟಿತು. ಅದನ್ನು ಪರೀಕ್ಷೆ ಮಾಡುವ ಸಾಧನ ನೀಲಮ್ಮನ ಹತ್ತಿರವಿತ್ತು. ಅವಳು ಬೆಳಿಗ್ಗೆ ಹೆಪ್ಪುಗಟ್ಟಿದ ಮೊಸರಿನ ಗಡಿಗೆಯೊಂದನ್ನು ತಂದು ತೊಡೆಯ ಮೇಲೆ ಇಟ್ಟುಕೊಂಡು ಕ್ಯಾಬಿನ್ನಿನಲ್ಲಿ ಕುಳಿತಳು. "ಊರ ಸುತ್ತಿ ಬರೂದ್ರಾಗ ಕೆನಿ ಒಡೀಲಿಲ್ಲಂದ್ರ ನಾ ತವರಮನಿಗಿ ಬರ್ತೇನಿ," ಎಂದಳು. ನಾನು ದರ್ಗಾದ ದಾರಿ ಹಿಡಿದು, ಬಜಾರದ ಕಲ್ಲು ರಸ್ತೆಯ ಮೇಲೆ ಹಾದು, ಮನೆಯ ಮುಂದೆ ನಿಲ್ಲಿಸಿದೆ. ಅವಳು ಮೇಲಿನ ಬಟ್ಟೆ ಸರಿಸಿ ನೋಡಿದಳು, ನಾನೂ ಇಣುಕಿದೆ, ಮಹಿಬೂಬನೂ ಕಿಟಕಿಯಿಂದ ತಲೆ ಹಾಕಿದ. ಕೆನೆ ಹಾಗೇ ಇತ್ತು. ನೀಲಮ್ಮನ ಮುಖದ ಮೇಲೆ ಆಗ ಬಂದ ನಗುವನ್ನು ನಾನು ಬಹಳ ದಿನಗಳಿಂದ ನೋಡಿರಲಿಲ್ಲ. ಅವತ್ತೇ ತವರಿಗೆ ಯಾವ ಸೀರೆ ಉಟ್ಟುಕೊಂಡು ಹೋಗಬೇಕೆಂಬ ವಿಚಾರ ಮನೆಯಲ್ಲಿ ಶುರುವಾಯಿತು.

ಅವಳ ಕೆಲಸ ಆಯಿತು, ನನ್ನದು ಉಳಿಯಿತು. ಊರ ಹೊರಗಿನ ಬಯಲಿನಲ್ಲಿ ಗಾಡಿ ನಿಲ್ಲಿಸಿ, ಓಟಕ್ಕೆ ಬಿಟ್ಟ ಹಾಗೆ ಕ್ಲಚ್ಚನ್ನು ಒಮ್ಮೆಲೇ ಬಿಟ್ಟು ನೋಡಿದೆ. ಗಾಡಿ ಮುಂದೆ ಹೋಗುವ ಬದಲು ಹಿಂಬದಿ ಎತ್ತಿ ಎತ್ತಿ ಕುಣಿಯತೊಡಗಿತು. ಮೆತ್ತಗಾದ ಪಟ್ಟಿಗಳು ಎಂಜಿನ್ನಿನ ಜೋರಿಗೆ ಹಾವಿನಂತೆ ಹೊರಳಿ, ಗಾಲಿ ನೆಲ ಬಿಟ್ಟು ನೆಲ ಹಿಡಿದು ಮಾಡುತ್ತಿದ್ದವು. "ಕಪ್ಪಿ ಆಗ್ಯಾದ ನಿಮ್ಮ ಲಾರಿ," ಎಂದ ಮಹಿಬೂಬ, ಬಹಳ ಸಂತೋಷದಿಂದ. ಇದಕ್ಕೂ ಅವನ ಹತ್ತಿರ ಮದ್ದಿತ್ತು. ಕಮಾನಿನ ಮುಂದಿನ ಅರ್ಧದ ಪಟ್ಟಿಗಳನ್ನು ಕಬ್ಬಿಣದ ಕ್ಲಿಪ್ಪುಗಳಿಂದ ಬಿಗಿದುಬಿಡುವುದು. ಮುಂದಿನ ಅರ್ಧ ಹೊರಳದಂತೆ ಸೆಟೆದು ನಿಂತರೆ ಗಾಡಿ ಕುಣಿಯದೆ ನೆಲ ಕಚ್ಚಿ ಹೋಗುತ್ತದೆ. ಬಿಗಿದು ಬಿಟ್ಟು ನೋಡಿದೆವು. ಗಾಡಿ ಬಾಣದ ಹಾಗೆ ಹೋಯಿತು. ಆದರೆ ಕ್ಲಿಪ್ಪು ಹಾಕಿದ ಮೇಲೆ ಅದೇ ಹಳೆಯ ಕಲ್ಲು ಕಮಾನು, ಅದೇ ಎತ್ತಿ ಒಗೆಯುವುದು. ಕೊನೆಗೆ ನಾವು ಒಂದು ಒಪ್ಪಂದಕ್ಕೆ ಬಂದೆವು. ಕ್ಲಿಪ್ಪುಗಳನ್ನು ಡಬ್ಬಿಯಲ್ಲಿ ಹಾಕಿಕೊಂಡು ಹೋಗುವುದು. ನೀಲಮ್ಮ ಬೇವಿನ ಗಿಡದ ನೆರಳಿಗೆ ಇಳಿದ ಮೇಲೆ ಹಾಕುವುದು. ಓಟ ಮುಗಿದ ಕೂಡಲೇ ಬಿಚ್ಚಿ, ಅವಳನ್ನು ಹತ್ತಿಸಿಕೊಂಡು ಇಜೇರಿಗೆ ಹೋಗುವುದು. ಇಷ್ಟು ಒಳ್ಳೆಯ ಏರ್ಪಾಟನ್ನು ನಾನು ನನ್ನ ಮದುವೆಯಲ್ಲೂ ಕಂಡಿರಲಿಲ್ಲ.

ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ ಹೊರಟೆವು. ಕ್ಯಾಬಿನ್ನಿನಲ್ಲಿ ನಾನು, ನೀಲಮ್ಮ, ಅವಳ ತೊಡೆಯ ಮೇಲೆ ತವರಿಗೆಂದು ಹೆಪ್ಪು ಹಾಕಿದ ಹೊಸ ಮೊಸರಿನ ಗಡಿಗೆ. ಕಮಾನಿನ ದನಿ ಕೇಳಬೇಕೆಂದು ಮಹಿಬೂಬ ಹಿಂದೆ ಒಂದು ಖಾಲಿ ಚೀಲದ ಮೇಲೆ ಕುಳಿತಿದ್ದ. ಬಿಚ್ಚಿದ ಎರಡೆರಡು ಪಟ್ಟಿಗಳೂ ಅವನ ಪಕ್ಕದಲ್ಲೇ ಬಿದ್ದಿದ್ದವು. ಕಬ್ಬಿಣವನ್ನು ಮನೆಯಲ್ಲಿ ಬಿಟ್ಟು ಹೊರಡುವುದು ಅವನಿಂದ ಆಗದ ಕೆಲಸ. ಭೀಮಾ ಸೇತುವೆ ದಾಟುವಾಗ ನೀಲಮ್ಮ ಸೀಟಿಗೆ ಒರಗಿ ಕುಳಿತಿದ್ದಳು. ಲಾರಿಯಲ್ಲಿ ಅವಳು ಒರಗಿ ಕುಳಿತದ್ದನ್ನು ನಾನು ನೋಡಿದ್ದು ಅದೇ ಮೊದಲು. ಎಡಕ್ಕೆ ತೊಗರಿ, ಬಲಕ್ಕೆ ಬಿಳಿಜೋಳ. ಅವಳು ಯಾವ ಹೊಲ ಯಾರದು, ಯಾರಿಗೆ ಬಾಂಧಿನ, ಅಂದರೆ ಹೊಲದ ಬದುವಿನ, ತಂಟೆಯಿದೆ ಎಂದೆಲ್ಲ ಹೇಳುತ್ತ ಬಂದಳು. ನನಗೆ ಒಳಗೊಳಗೇ ಬಹಳ ಹೆಮ್ಮೆ.

ಬೇವಿನ ಗಿಡದ ಹತ್ತಿರ ಜನ ಸೇರಿದ್ದರು. ಬಂಡಿಗಳ ಓಟ ಮುಗಿದು ಎತ್ತುಗಳು ನೆರಳಿನಲ್ಲಿ ಮೆಲುಕು ಹಾಕುತ್ತಿದ್ದವು. ಹಿಂದಿನ ವರ್ಷ ಎರಡೇ ಲಾರಿಗಳಿದ್ದವು, ಈ ವರ್ಷ ಸಾಲೇ ನಿಂತಿತ್ತು. ಶರ್ಯತ್ತಿನ ಹಿರಿಯರಾದ ಸಿದ್ರಾಮಪ್ಪ ಮುತ್ಯಾ ಒಂದೊಂದೇ ಗಾಡಿಯ ಹತ್ತಿರ ಹೋಗಿ, ಕೋಲು ಊರಿ ಕುಕ್ಕರಗಾಲಲ್ಲಿ ಕುಳಿತು, ಕೆಳಗೆ ಇಣುಕುತ್ತಿದ್ದರು. ನನ್ನ ಗಾಡಿಯ ಹತ್ತಿರ ಬಂದು ಬಹಳ ಹೊತ್ತು ನೋಡಿದರು. ಆಮೇಲೆ ಕತ್ತೆತ್ತಿ ಕೇಳಿದರು:

"ಏಸು ಹಲ್ಲು?"

"ಮುತ್ಯಾ, ಇದು ಲಾರಿ ಅದರಿ," ಎಂದೆ.

"ಲಾರಿ ಅನ್ನೂದು ನನಗೂ ಕಾಣಸ್ತದೋ ತಮ್ಮಾ, ಕಣ್ಣ ಇನ್ನಾ ಹೋಗಿಲ್ಲ. ಏಸು ಹಲ್ಲಂತ ಕೇಳಿದೆ."

ಪಕ್ಕದಲ್ಲಿದ್ದವರು ತಿಳಿಸಿ ಹೇಳಿದರು. ಎತ್ತಿನ ಶರ್ಯತ್ತಿನಲ್ಲಿ ವಯಸ್ಸು ನೋಡುವುದು ಹಲ್ಲಿನಿಂದ. ಹಾಲಹಲ್ಲಿನ ಕರುಗಳನ್ನು ಎಲ್ಲ ಹಲ್ಲೂ ಬಂದು ಬಾಯ್ಗೂಡಿದ ಎತ್ತುಗಳ ಜೊತೆ ಓಡಿಸುವುದು ಅನ್ಯಾಯ, ಪಾಪ. ಈ ವರ್ಷ ಬಗೆಬಗೆಯ ಗಾಡಿಗಳು ಬಂದಿವೆ, ಯಾವುದನ್ನು ಯಾವುದರ ಜೋಡಿ ಬಿಡಬೇಕೆಂದು ತಕರಾರು ಹುಟ್ಟಿತು. ಹಿರಿಯರೆಲ್ಲ ಕುಳಿತು ತೀರ್ಮಾನ ಮಾಡಿದರು, ಗಾಡಿಗೆ ಹಲ್ಲು ಇಲ್ಲ, ಕಮಾನಿನ ಪಟ್ಟಿ ಇದೆ, ಅದನ್ನೇ ಎಣಿಸಿ ಬಿಡೋಣ ಎಂದು. ಏಳು ಮತ್ತು ಅದರ ಮೇಲಿದ್ದರೆ ಬಾಯ್ಗೂಡಿದ ಗಾಡಿ. ಅದಕ್ಕಿಂತ ಕಡಿಮೆಯಿದ್ದದ್ದು ಹಾಲಹಲ್ಲು.

"ಮುತ್ಯಾ, ನಂದೂ ಏಳ ಪಟ್ಟೀದ ಗಾಡಿರಿ. ಎರಡು ತಗಸೇನಿ ಅಷ್ಟ. ಬೇಕಾದ್ರ ನೋಡ್ರಿ, ಹಿಂದ ಅದಾವ," ಎಂದು ಅಂಗಲಾಚಿದೆ.

"ಬಾಯಾಗ ಇದ್ದ ಹಲ್ಲ ಎಣಸೂದು ಪದ್ಧತಿ. ಕಿಸೇದಾಗ ಇಟಗೊಂಡಾವು ಲೆಕ್ಕಕ್ಕ ಬರಂಗಿಲ್ಲ," ಎಂದು ಮುತ್ಯಾ ಕೋಲು ಹಿಡಿದು ಎದ್ದರು. "ಹಾಲಹಲ್ಲು. ಆ ಕಡಿ ನಿಂದರಸು."

ಆ ಕಡೆ ನೋಡಿದೆ. ಹಾಲಹಲ್ಲಿನ ಸಾಲಿನಲ್ಲಿ ಇದ್ದದ್ದು ಒಂದೇ ಒಂದು ಗಾಡಿ. ಅಫಜಲಪುರದ ರಸೂಲನ ಮೂರು ಗಾಲಿಯ ಟೆಂಪೊ. ಅದರ ತುಂಬ ಗೋಲಿ ಸೋಡಾದ ಬಾಟಲಿಗಳು. ಅವನು ನೆರೆದ ಜನಕ್ಕೆ ಸೋಡಾ ಮಾರಲು ಬಂದವನು, ಹೇಗೂ ಬಂದಿದ್ದೀಯಲ್ಲ ಎಂದು ಯಾರೋ ಹೆಸರು ಕೊಡಿಸಿದ್ದರು. ಬಸಣ್ಣಗೌಡ ತನ್ನ ಎಂಟು ಪಟ್ಟಿಯ ಲಾರಿಗೆ ಒರಗಿ ನಿಂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ಬೀಗರ, ಅವಸರ ಮಾಡಬ್ಯಾಡ್ರಿ. ಹಾಲಹಲ್ಲ ಬಿದ್ದು ಹೊಸಾವು ಬರಲಿ, ಮುಂದಿನ ವರ್ಷ ಓಡಸೂಣಂತ," ಎಂದ.

ಮಹಿಬೂಬ ಆಗಲೇ ಜಾಕು, ಪಾನಾ ಹೊರಗೆ ತೆಗೆದಿದ್ದ. ಎಲ್ಲ ಜಗಳ ಮರೆತು ನನ್ನ ಕಿವಿಯ ಹತ್ತಿರ ಬಂದು, "ಹೇಳ್ರಿ. ಎರಡೂ ಪಟ್ಟಿ ವಾಪಸ್ ಹಾಕಿ ಬಿಗದ ಬಿಡ್ತೇನಿ. ಬಾಯ್ಗೂಡ್ತದ," ಎಂದ. ಅವನಿಗೆ ಅದೇನೂ ದೊಡ್ಡ ಕೆಲಸವಲ್ಲ. ಆದರೆ ಮತ್ತೆ ಬಿಚ್ಚಲು ಅಂದು ಹೊತ್ತು ಸಾಲುತ್ತಿರಲಿಲ್ಲ, ಓಟ ನೋಡಿ ಅವನು ಜೇವರ್ಗಿಯಿಂದ ಆಳಂದದ ಕಡೆಯ ಬಸ್ಸು ಹಿಡಿಯಬೇಕಿತ್ತು. ಪಟ್ಟಿ ಹಾಕಿದೆನೆಂದರೆ ನೀಲಮ್ಮ ಕಲ್ಲು ಕಮಾನಿನ ಮೇಲೆಯೇ ಇಜೇರಿಗೆ ಬರಬೇಕು. ಇಜೇರಿಯವರೆಗಿನ ಮಣ್ಣಿನ ದಾರಿ ನನಗೆ ಗೊತ್ತಿತ್ತು. ನಾಳೆ ಎಲ್ಲರೂ ಹೊಲಕ್ಕೆ ಹೋಗುತ್ತಾರೆ, ಅವಳು ಮತ್ತೆ ತೊಲೆ ಎಣಿಸುತ್ತಾಳೆ.

ನಾನು ಗಿಡದ ಕಡೆಗೆ ನೋಡಿದೆ. ನೀಲಮ್ಮ ಗಡಿಗೆ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಅಳಲಿಲ್ಲ, ಕರೆಯಲಿಲ್ಲ. "ನಿಮ್ಮ ಗಾಡಿ, ನಿಮ್ಮ ಹಲ್ಲು," ಎಂದಳು. "ನನ್ನ ಕೇಳಬ್ಯಾಡ್ರಿ."

ಗಂಡಸಿನ ಬಾಳಿನಲ್ಲಿ ಇಂಥ ಹೊತ್ತು ಬಂದಾಗ ದೊಡ್ಡ ದೊಡ್ಡ ವಿಚಾರಗಳು ಬರುತ್ತವೆಂದು ಕೇಳಿದ್ದೇನೆ. ನನಗೆ ಬಂದದ್ದು ಒಂದೇ. ಭೀಮಾ ಸೇತುವೆಯ ಮೇಲೆ ಅವಳು ಒರಗಿ ಕುಳಿತದ್ದು. "ಪಟ್ಟಿ ಬ್ಯಾಡ," ಎಂದೆ ಮಹಿಬೂಬನಿಗೆ. ಅವನು, "ಕ್ಲಿಪ್ಪರ ಹಾಕ್ಲೇನು?" ಎಂದ. ನಾನು ಬಾಯಿ ತೆರೆಯುವಷ್ಟರಲ್ಲಿ ನೀಲಮ್ಮ ಎದ್ದು ಬಂದು ಕ್ಯಾಬಿನ್ ಹತ್ತಿ ಕುಳಿತೇ ಬಿಟ್ಟಳು. "ಓಟ ಮುಗಿಯೂದು ನಮ್ಮ ಊರ ಕಡೀಗೆ ಅಲ್ಲೇನು? ಮತ್ತ ಹಿಂದ ಬಂದು ನನ್ನ ಕರಕೊಂಡು ಹೋಗೂದ್ಯಾಕ? ನಡೀರಿ," ಎಂದಳು. ಅವಳು ಕುಳಿತ ಮೇಲೆ ಕ್ಲಿಪ್ಪಿನ ಮಾತೂ ಮುಗಿಯಿತು. ಡಬ್ಬಿ ಸೀಟಿನ ಕೆಳಗೇ ಉಳಿಯಿತು. ಮಹಿಬೂಬ ಪಾನಾ ಒರೆಸಿ ಚೀಲದಲ್ಲಿ ಹಾಕಿದ. ಓಟ ನೋಡಿ ಹಾಗೇ ಜೇವರ್ಗಿಗೆ ಹೋಗಲು ಅವನು ಗಿಡದ ಕೆಳಗೇ ಉಳಿದ.

ರಸೂಲ ಒಳ್ಳೆಯ ಮನುಷ್ಯ. ಪಕ್ಕದಲ್ಲಿ ಟೆಂಪೊ ನಿಲ್ಲಿಸಿ, ತಲೆ ಹೊರಗೆ ಹಾಕಿ, "ಸಾವಕಾರ್ರ, ನೀವ ಮೊದಲ ಬಿಡ್ರಿ," ಎಂದ. "ಇಲ್ಲ ಇಲ್ಲ, ನೀ ಬಿಡು," ಎಂದೆ. "ಹಂಗ ಹ್ಯಾಂಗ ಆಗ್ತದರಿ, ದೊಡ್ಡವ್ರು ನೀವು," ಎಂದ. "ಪಹಲೇ ಆಪ್" ಎಂಬ ಹೈದರಾಬಾದಿ ಮರ್ಯಾದೆ ನಮ್ಮ ಕಡೆ ಇನ್ನೂ ಉಳಿದಿದೆ. ಅದು ಬಸ್ಸು ಹತ್ತುವಾಗ ಮಾತ್ರ ಕಾಣಿಸುವುದಿಲ್ಲ. ಮುತ್ಯಾ ಬೇಸತ್ತು ರುಮಾಲು ಬೀಸಿಬಿಟ್ಟರು.

ರಸೂಲ ಬಿಟ್ಟ. ನಾನೂ ಬಿಟ್ಟೆ, ಆದರೆ ಹೇಗೆ ಬಿಟ್ಟೆನೆಂದರೆ, ತೊಟ್ಟಿಲಿನಲ್ಲಿ ಕೂಸು ಮಲಗಿರುವಾಗ ಬಾಗಿಲು ಮುಚ್ಚುತ್ತೇವಲ್ಲ, ಹಾಗೆ. ಕ್ಲಚ್ಚಿನ ಮೇಲಿಂದ ಕಾಲು ಎಷ್ಟು ಮೆತ್ತಗೆ ಎತ್ತಿದೆನೆಂದರೆ ಗಾಡಿಗೂ ತಾನು ಹೊರಟದ್ದು ಗೊತ್ತಾಗಿರಲಿಕ್ಕಿಲ್ಲ. ಎರಡನೆಯ ಗೇರು ಹಾಕುವ ಹೊತ್ತಿಗೆ ಸೋಡಾ ಬಾಟಲಿಗಳ ಗಿಲಿಗಿಲಿ ಸದ್ದು ಮುಂದೆ ಹೋಗಿತ್ತು. ಮೂರನೆಯದಕ್ಕೆ ಬಂದಾಗ ನನ್ನ ಗಾಡಿ ಅವನನ್ನು ಮುಟ್ಟುವ ಲಕ್ಷಣ ಕಂಡಿತು. ಅಷ್ಟರಲ್ಲಿ ಪೂಲು ಬಂದುಬಿಟ್ಟಿತು. ಬಾಯ್ಗೂಡಬೇಕಾಗಿದ್ದ ನನ್ನ ಲಾರಿ ಮೂರು ಗಾಲಿಯ ಸೋಡಾ ಟೆಂಪೊಗೆ, ಅದೂ ಬಾಟಲಿ ತುಂಬಿದ ಟೆಂಪೊಗೆ, ಸೋತಿತು. ರಸೂಲ ಇಳಿದು ಬಂದು ಒಂದು ಸೋಡಾ ಒಡೆದು ಕೊಟ್ಟ. ದ್ರಾಕ್ಷಿ ಹಣ್ಣು ಹುಳಿ ಎನ್ನುತ್ತಾರಲ್ಲ, ಆ ಸೋಡಾ ನನಗೆ ನಿಜಕ್ಕೂ ಹುಳಿಯಾಗಿತ್ತು.

ಇಜೇರಿ ಮುಟ್ಟಿ, ನನ್ನ ಅತ್ತೆ ಗಡಿಗೆಯ ಬಟ್ಟೆ ಸರಿಸಿ ನೋಡಿದರು. ಕೆನೆ ಒಂದಿಷ್ಟೂ ಬಿರುಕು ಬಿಟ್ಟಿರಲಿಲ್ಲ. ಆಳಂದದಿಂದ ಬಂದ ಮೊಸರೆಂದು ಯಾರೂ ನಂಬಲಿಲ್ಲ. ಮರುದಿನ ನೀಲಮ್ಮ ತಲೆಯ ಮೇಲೆ ರೊಟ್ಟಿಯ ಬುಟ್ಟಿ ಇಟ್ಟುಕೊಂಡು, ಎಲ್ಲರ ಮುಂದೆ ಮುಂದೆ ನಡೆದುಕೊಂಡು ಹೊಲಕ್ಕೆ ಹೋದಳು. ಅವಳ ಅಣ್ಣ ಎಂಟು ಪಟ್ಟಿಯ ಗಾಡಿಯಿಂದ ಗೆದ್ದ ಟಾವೆಲು ಹೆಗಲ ಮೇಲೆ ಹಾಕಿಕೊಂಡು ಹಿಂದೆ ಬಂದ. "ಹುಲ್ಲುಲ್ಲಿಗೋ ಚಲ್ಲಂಬರಿಗೋ" ಎಂದು ಕೂಗುತ್ತ ಚರಗ ಚೆಲ್ಲಿದರು. ಭಜ್ಜಿಗೆ ಕೈ ಹಾಕುತ್ತಿದ್ದಂತೆ ಅವನು ಸೋಡಾದ ಕಥೆ ಶುರು ಮಾಡಿದ. ಸುತ್ತ ಕುಳಿತವರೆಲ್ಲ ನಕ್ಕರು. ನಾನೂ ನಕ್ಕೆ, ಏಕೆಂದರೆ ಸಾಲಿನ ಕೊನೆಗೆ ನೀಲಮ್ಮ ಕಾಲು ಚಾಚಿ, ಜೋಳದ ದಂಟಿನ ನೆರಳಿನಲ್ಲಿ ನೆಟ್ಟಗೆ ಕುಳಿತು ಉಣ್ಣುತ್ತಿದ್ದಳು. ಒಂದು ಸೋಲಿಗೆ ಇಷ್ಟು ಸಿಕ್ಕರೆ ಅಗ್ಗವೇ ಎಂದು ನನಗೆ ನಾನೇ ದೊಡ್ಡ ತ್ಯಾಗಿಯಂತೆ ಕಾಣತೊಡಗಿದೆ. ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ.

ಆ ತ್ಯಾಗ ಒಂದು ರಾತ್ರಿಯೂ ಉಳಿಯಲಿಲ್ಲ. ಊಟವಾಗಿ ಬಾಂಧಿನ ಮೇಲೆ ಕುಳಿತಿದ್ದಾಗ ನೀಲಮ್ಮ ಪಕ್ಕಕ್ಕೆ ಬಂದಳು. ನಾನು ಮೆಚ್ಚುಗೆಯ ಮಾತಿಗೆ ಕಿವಿ ಸಜ್ಜು ಮಾಡಿಕೊಂಡೆ.

"ಒಂದು ಕೇಳ್ತೇನಿ," ಎಂದಳು. "ನಿನ್ನೆ ಓಟದಾಗ ನಾ ಗಡಿಗಿ ಎರಡೂ ಕೈಲೆ ಗಟ್ಟಿ ಅಪ್ಪಿಕೊಂಡು ಕುಂತಿದ್ದೆ. ಯಾಕಂತ ತಿಳದಿದ್ರಿ?"

"ಕೆನಿ ಒಡೀಬಾರದಂತ."

"ನೀವು ಜೋರಲೆ ಬಿಡ್ತೀರಿ ಅಂತ," ಎಂದಳು. "ಪಟ್ಟಿ ಬ್ಯಾಡ ಅಂದ್ರಿ, ನನಗ ಖುಷಿ ಆತು. ಖರೇನ ಆತು. ಆದ್ರ ಇದ್ದ ಗಾಡ್ಯಾಗರ ಒಂದು ಕೈ ನೋಡಬೇಕಿಲ್ಲೇನ್ರಿ? ಅಷ್ಟು ಹೊತ್ತಿಗಿ ನನ್ನ ನಡಕ್ಕ ಏನಾಗ್ತಿತ್ತು? ನಾನೂ ಹಲ್ಲ ಕಚಗೊಂಡ ಕುಂತೇನಿ, ಇವ್ರು ನೋಡಿದ್ರ ದೇವರ ಪಲ್ಲಕ್ಕಿ ಹೊತ್ತಂಗ ಹೊಂಟಾರ. ಗೌಡರ ಮಗಳು ನಾನು. ನಮ್ಮಣ್ಣನ ಮುಂದ ಸೋಡಾ ಗಾಡಿಗಿ ಸೋತ್ರಲ್ಲ."

ಇಷ್ಟು ವರ್ಷ ಅವಳ ನಡವನ್ನು ಕೇಳಿದ್ದೆ, ಅವಳನ್ನು ಕೇಳಿರಲಿಲ್ಲ. ಅವಳಿಗೆ ಬೇಕಾದದ್ದು ಮೆತ್ತಗಿನದು ಮಾತ್ರ ಎಂದು ನಾನೂ ಮಹಿಬೂಬನೂ ಗ್ಯಾರೇಜಿನಲ್ಲಿ ಕುಳಿತು ತೀರ್ಮಾನ ಮಾಡಿಬಿಟ್ಟಿದ್ದೆವು, ಮುತ್ಯಾ ಲಾರಿಗೆ ಹಲ್ಲು ಎಣಿಸಿದ ಹಾಗೆ. ಇದು ನನಗೆ ಹೊಲದ ಬಾಂಧಿನ ಮೇಲೆ, ಹೊಟ್ಟೆ ಬಿರಿಯುವಷ್ಟು ಉಂಡ ಮೇಲೆ ಹೊಳೆಯಿತು.

ಮರುದಿನ ಆಳಂದಕ್ಕೆ ಹೊರಟೆವು. ಹಳ್ಳದ ಪೂಲು ದಾಟಿ ಬೇವಿನ ಗಿಡದ ಹತ್ತಿರ ಬಂದಾಗ ನೀಲಮ್ಮ, "ನಿಂದರಸ್ರಿ," ಎಂದಳು. ನಿಲ್ಲಿಸಿದೆ. ರಸ್ತೆ ಖಾಲಿ. ಜನರಿಲ್ಲ, ಮುತ್ಯಾ ಇಲ್ಲ, ರಸೂಲ ಇಲ್ಲ. "ಹೊಳ್ಳಿಸ್ರಿ," ಎಂದಳು. ಹೊರಳಿಸಿ ಪೂಲಿನ ಕಡೆಗೆ ಮುಖ ಮಾಡಿ ನಿಲ್ಲಿಸಿದೆ. ಅವಳು ತೊಳೆದ ಖಾಲಿ ಗಡಿಗೆಯನ್ನು ಕಾಲಸಂದಿಯಲ್ಲಿ ಇಟ್ಟು, ಸೆರಗು ಸಿಕ್ಕಿಸಿಕೊಂಡು, ಎರಡೂ ಕೈಯಿಂದ ಮುಂದಿನ ಕಂಬಿ ಹಿಡಿದಳು. "ಈಗ ಬಿಡ್ರಿ," ಎಂದಳು.

ನನಗೂ ಎಲ್ಲಿಂದಲೋ ಆವೇಶ ಬಂತು. ಎಂಜಿನ್ನು ಒದರುವಷ್ಟು ತುಳಿದು ಕ್ಲಚ್ಚನ್ನು ಒಮ್ಮೆಲೇ ಬಿಟ್ಟೆ. ಸೀಟಿನ ಕೆಳಗಿನ ಡಬ್ಬಿಯಲ್ಲಿ ಕ್ಲಿಪ್ಪುಗಳು ಗಲ್ ಎಂದು ಕುಣಿದಾಗಲೇ ಅವು ಕಮಾನಿಗಿಲ್ಲವೆಂಬುದು ನೆನಪಾದದ್ದು. ಗಾಡಿ ಹಿಂಬದಿ ಎತ್ತಿ ಕಪ್ಪೆಯ ಹಾಗೆ ಒಮ್ಮೆ ಹಾರಿತು, ಇನ್ನೊಮ್ಮೆ ಹಾರಿತು, ಮೂರನೆಯದಕ್ಕೆ ಎಂಜಿನ್ನು ಆರಿ, ಹೊರಟ ಜಾಗದಿಂದ ನಾಲ್ಕು ಮಾರು ಮುಂದೆ ರಸ್ತೆಯ ನಡುವೆ ನಿಂತುಬಿಟ್ಟಿತು. ಗಡಿಗೆ ಎರಡು ಹೋಳಾಗಿತ್ತು. ನಾನು ಹೆದರಿ, "ನಡ?" ಎಂದೆ. ನೀಲಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ಕಣ್ಣಲ್ಲಿ ನೀರು ಬರುವಂತೆ ನಕ್ಕಳು. "ನಡಕ್ಕ ಏನೂ ಆಗಿಲ್ಲ, ಸುಮ್ಮನ ನಡೀರಿ," ಎಂದಳು. ಭೀಮಾ ಸೇತುವೆಯವರೆಗೂ ನಗುತ್ತಲೇ ಇದ್ದಳು, ಪಕ್ಕೆ ಹಿಡಿದುಕೊಂಡಿತೆಂದು ಮನೆಗೆ ಬಂದು ಮಲಗಿದಳು. ಇಟ್ಟಿಗೆ ಕಾಯಿಸಿ ಶಾಖ ಕೊಟ್ಟವನು ನಾನೇ.